ಕೆರೆಯಲ್ಲಲ್ಲ, ಮನೆಯ ತೊಟ್ಟಿಯಲ್ಲಿ: ಈಡಿಸ್ ಸೊಳ್ಳೆ ನಿಯಂತ್ರಣದ ವೈಜ್ಞಾನಿಕ ಮಾರ್ಗ

ಸೊಳ್ಳೆ ಹೆಚ್ಚಾದೊಡನೆ ಊರ ಕೆರೆಯತ್ತ ಬೆರಳು ತೋರಿಸುವುದು ವಾಡಿಕೆ. ಆದರೆ ಡೆಂಗ್ಯೂ ಹಾಗೂ ಚಿಕುನ್‌ಗುನ್ಯಾ ಹರಡುವ ಈಡಿಸ್ ಈಜಿಪ್ಟಿ ಸೊಳ್ಳೆಯ ಮಟ್ಟಿಗೆ ಹಳೇಬೀಡಿನ ದ್ವಾರಸಮುದ್ರ ಕೆರೆಯಾಗಲಿ, ಬೇಲೂರಿನ ಯಗಚಿ ಹೊಳೆಯಾಗಲಿ ನಿರಪರಾಧಿ. ಈ ಸೊಳ್ಳೆಗೆ ಬೇಕಾದುದು ಬಚ್ಚಲ ಪಕ್ಕದ ಸಿಮೆಂಟ್ ತೊಟ್ಟಿ, ಮುಚ್ಚಳವಿಲ್ಲದ ಡ್ರಮ್ಮು, ದನಗಳಿಗೆ ನೀರಿಡುವ ಕಲ್ಲಿನ ಬಾನಿ. ಅಂದರೆ ಮನುಷ್ಯನೇ ತುಂಬಿಟ್ಟ, ಅಲುಗಾಡದ ನೀರು.

ಬಯಲುಸೀಮೆಗೆ ಸೇರಿದ ಅರಸೀಕೆರೆಯಂತಹ ಕಡೆ ನೀರನ್ನು ಕೂಡಿಡುವುದು ತಪ್ಪೇನಲ್ಲ, ಅನಿವಾರ್ಯತೆ. ನಲ್ಲಿ ನೀರು ದಿನಬಿಟ್ಟು ದಿನ ಬರುವ ಬೀದಿಯಲ್ಲಿ ‘ನೀರು ಸಂಗ್ರಹಿಸಬೇಡಿ’ ಎಂಬ ಉಪದೇಶಕ್ಕೆ ಅರ್ಥವಿಲ್ಲ. ಇದಲ್ಲದೆ ತೆಂಗಿನ ಸೀಮೆಯಲ್ಲಿ ಹಿತ್ತಲಿಗೆಸೆದ ಚಿಪ್ಪು ಮತ್ತು ಎಳನೀರು ಬುರುಡೆ, ಬೇಲೂರಿನ ಮಲೆನಾಡ ಸೆರಗಿನಲ್ಲಿ ಉದುರಿ ಬಿದ್ದ ಅಡಿಕೆ ಹಾಳೆ ಮಳೆನೀರನ್ನು ಹಿಡಿದಿಡುತ್ತವೆ. ಇಂತಹವು ಈಡಿಸ್‌ನ ಇನ್ನೊಂದು ಪ್ರಭೇದವಾದ ಆಲ್ಬೊಪಿಕ್ಟಸ್‌ನ ತೊಟ್ಟಿಲುಗಳು.

ಈ ನಿರ್ಲಕ್ಷ್ಯದ ಬೆಲೆಯನ್ನು ರಾಜ್ಯ 2006ರಲ್ಲಿ ತೆತ್ತಿತು. ಆ ವರ್ಷ ದೇಶದಲ್ಲಿ ವರದಿಯಾದ ಸುಮಾರು 13.9 ಲಕ್ಷ ಶಂಕಿತ ಚಿಕುನ್‌ಗುನ್ಯಾ ಪ್ರಕರಣಗಳ ಪೈಕಿ ಅರ್ಧಕ್ಕೂ ಹೆಚ್ಚು ಕರ್ನಾಟಕದವು. ಜ್ವರ ಇಳಿದ ಮೇಲೂ ತಿಂಗಳುಗಟ್ಟಲೆ ಕೀಲುನೋವಿನಿಂದ ನರಳಿದವರು ಅನೇಕರು.

ಹೆಣ್ಣು ಈಡಿಸ್ ತನ್ನ ಮೊಟ್ಟೆಗಳನ್ನು ನೀರಿನ ಮಟ್ಟಕ್ಕಿಂತ ತುಸು ಮೇಲೆ, ಪಾತ್ರೆಯ ಒದ್ದೆ ಗೋಡೆಗೆ ಅಂಟಿಸುತ್ತದೆ. ಆ ಮೊಟ್ಟೆಗಳು ಒಣಗಿದ ಸ್ಥಿತಿಯಲ್ಲಿ ತಿಂಗಳುಗಟ್ಟಲೆ ಬದುಕಬಲ್ಲವು. ಮತ್ತೆ ನೀರು ತಾಗಿದೊಡನೆ ಒಡೆಯುತ್ತವೆ. ಆದ್ದರಿಂದ ತೊಟ್ಟಿಯನ್ನು ಬರಿದು ಮಾಡಿದರೆ ಸಾಲದು, ಒಳಗೋಡೆಯನ್ನು ತೆಂಗಿನ ನಾರಿನಿಂದಲೋ ಬ್ರಷ್‌ನಿಂದಲೋ ಗಸಗಸನೆ ಉಜ್ಜಬೇಕು. ಬೆಚ್ಚಗಿನ ದಿನಗಳಲ್ಲಿ ಮೊಟ್ಟೆ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ ಸಾಕು. ವಾರಕ್ಕೊಂದು ದಿನ ತೊಟ್ಟಿ ತೊಳೆಯಿರಿ ಎಂಬ ಸಲಹೆಯ ಹಿಂದಿನ ಲೆಕ್ಕ ಇದೇ.

ಹೊಗೆಯಂತ್ರ ಬಂದು ಹೋದರೆ ಜನರಿಗೆ ಸಮಾಧಾನ. ಆದರೆ ಆ ಧೂಮ ಕೊಲ್ಲುವುದು ಹಾರುತ್ತಿರುವ ಸೊಳ್ಳೆಗಳನ್ನು ಮಾತ್ರ. ನೀರಿನಲ್ಲಿರುವ ಮರಿಹುಳುಗಳಿಗೆ ಅದು ತಟ್ಟುವುದಿಲ್ಲ. ಮಂಚದಡಿ, ಪರದೆಯ ಹಿಂದೆ ಕುಳಿತ ಈಡಿಸ್ ಕೂಡ ಬೀದಿಯ ಹೊಗೆಯಿಂದ ಪಾರಾಗುತ್ತದೆ. ಸೊಳ್ಳೆಬತ್ತಿಯ ವಿಷಯ ಇನ್ನೂ ಯೋಚನೀಯ: 2003ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಒಂದು ಬತ್ತಿ ಉರಿದಾಗ ಹೊರಬೀಳುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟುಗಳಿಗೆ ಸಮ. ಶಬ್ದತರಂಗದಿಂದ ಸೊಳ್ಳೆ ಓಡಿಸುವುದಾಗಿ ಹೇಳುವ ಉಪಕರಣಗಳಿಗಂತೂ ಹಣ ಸುರಿಯಬೇಕಿಲ್ಲ. ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆಯ ಬಗ್ಗೆ ನಡೆದ 10 ಕ್ಷೇತ್ರ ಪ್ರಯೋಗಗಳನ್ನು 2007ರಲ್ಲಿ ಪರಾಮರ್ಶಿಸಿದಾಗ ಅವುಗಳಿಂದ ಪ್ರಯೋಜನ ಕಂಡುಬರಲಿಲ್ಲ.

ಪದೇ ಪದೇ ಬರಿದು ಮಾಡಲಾಗದ ದೊಡ್ಡ ತೊಟ್ಟಿಗೆ ಗಪ್ಪಿ ಮೀನು ಉತ್ತಮ ಉಪಾಯ. ಕರ್ನಾಟಕದ ಹಳ್ಳಿಗಳ ಬಾವಿಗಳಿಗೆ ಲಾರ್ವಾಹಾರಿ ಮೀನು ಬಿಟ್ಟು ಮಲೇರಿಯಾ ಸೊಳ್ಳೆಯನ್ನು ತಗ್ಗಿಸಿದ ಅಧ್ಯಯನ 2005ರಲ್ಲಿ ಪ್ರಕಟವಾಗಿದೆ. ಒಂದು ಎಚ್ಚರಿಕೆ: ಇವು ಪರದೇಶದ ಮೀನುಗಳು. ತೊಟ್ಟಿಯಲ್ಲಿ ಸಾಕಿದ್ದನ್ನು ಕೆರೆಗೋ ಹೊಳೆಗೋ ಬಿಟ್ಟರೆ ಸ್ಥಳೀಯ ಜಲಚರಗಳಿಗೆ ಸಂಚಕಾರ. ಟೆಮಿಫಾಸ್ ಔಷಧವನ್ನು ಆರೋಗ್ಯ ಸಿಬ್ಬಂದಿಯಿಂದಲೇ ಹಾಕಿಸಬೇಕು. ಕುಡಿಯುವ ನೀರಿನಲ್ಲಿ ಅದರ ಮಿತಿ ಲೀಟರಿಗೆ 1 ಮಿಲಿಗ್ರಾಂ.

ಈಡಿಸ್ ಕಚ್ಚುವುದು ಹಗಲಿನಲ್ಲಿ, ಅದರಲ್ಲೂ ಬೆಳಗ್ಗೆ ಮತ್ತು ಇಳಿಹೊತ್ತಿನಲ್ಲಿ. ಹಾಗಾಗಿ ಮಧ್ಯಾಹ್ನ ಮಲಗುವ ಹಸುಗೂಸಿಗೂ ಸೊಳ್ಳೆಪರದೆ ಬೇಕು.

ಡೆಂಗ್ಯೂವನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದ ರಾಜ್ಯ ಸರ್ಕಾರ 2024ರಲ್ಲಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಗಳಿಗೆ ನಗರದಲ್ಲಿ 400, ಗ್ರಾಮೀಣ ಭಾಗದಲ್ಲಿ 200 ರೂಪಾಯಿ ದಂಡ ಗೊತ್ತುಪಡಿಸಿತು. ಆದರೆ ಬೀಗ ಹಾಕಿದ ಮನೆಯೊಳಗೆ ಲಾರ್ವಾ ಸಮೀಕ್ಷೆಗೆ ಬಂದವರು ಹೋಗುವುದೆಂತು? ಈಡಿಸ್ ಹೆಚ್ಚು ದೂರ ಹಾರುವುದಿಲ್ಲ. ಹುಟ್ಟಿದ ಮನೆಯ ನೆರೆಹೊರೆಯವರನ್ನೇ ಕಚ್ಚುತ್ತದೆ. ಬೆಂಗಳೂರಿನಲ್ಲಿ ನೆಲೆಸಿ ಊರಿನ ಮನೆಗೆ ಬೀಗ ಹಾಕಿರುವವರು ಹೊರಡುವ ಮುನ್ನ ತೊಟ್ಟಿಯನ್ನು ಬರಿದು ಮಾಡಿ ಉಜ್ಜಿ, ಮಳೆನೀರು ನಿಲ್ಲದಂತೆ ಮುಚ್ಚಿ, ಬಾನಿಯನ್ನು ಬೋರಲು ಹಾಕಿ, ಕೀಲಿಕೈಯನ್ನು ಪಕ್ಕದ ಮನೆಯವರಿಗೆ ಕೊಟ್ಟು ಬರಬೇಕು.