ಮೊರೊಜೊವ್ ಗಿರಣಿಯ ತಂಡ: ಒಂದು ಕ್ಲಬ್ಬಿನ ವಂಶಾವಳಿಯನ್ನು ಕುರಿತು

ರಷ್ಯದ ಫುಟ್‌ಬಾಲ್ ಬಗ್ಗೆ ಇಂಗ್ಲಿಷಿನಲ್ಲಿ ಬಂದಿರುವ ಬರಹಗಳಲ್ಲಿ ಒಂದು ವಂಶಾವಳಿ ಪದೇ ಪದೇ ಎದುರಾಗುತ್ತದೆ. ಲ್ಯಾಂಕಾಶೈರಿನ ಚಾರ್ನಾಕ್ ಸೋದರರು ಮಾಸ್ಕೋದ ಪೂರ್ವಕ್ಕಿದ್ದ ಗಿರಣಿಯೂರಿನಲ್ಲಿ ಒಂದು ತಂಡ ಕಟ್ಟಿದರು. ಕ್ರಾಂತಿಯ ನಂತರ, 1923ರಲ್ಲಿ, ಅದೇ ತಂಡ ಡೈನಮೋ ಮಾಸ್ಕೋ ಆಯಿತು. ಡೈನಮೋದ ನೀಲಿ-ಬಿಳಿ ಅಂಗಿ ಚಾರ್ನಾಕರ ನೆಚ್ಚಿನ ಬ್ಲ್ಯಾಕ್‌ಬರ್ನ್ ರೋವರ್ಸ್‌ನಿಂದ ಬಂದದ್ದು. ಕತೆ ಸೊಗಸಾಗಿದೆ. ಆದರೆ ಇದನ್ನು ಒಪ್ಪಿದರೆ, ಒಂದು ಊರಿನ ಕ್ಲಬ್ಬು ನೂರು ವರ್ಷಕ್ಕೂ ಮೇಲ್ಪಟ್ಟು ಬಾಳಿದ ಬಾಳು ರಾಜಧಾನಿಯ ಕ್ಲಬ್ಬೊಂದರ ಪೀಠಿಕೆಯಾಗಿ ಕುಗ್ಗಿಬಿಡುತ್ತದೆ. ಆ ಊರು ಒರೆಖೊವೊ-ಜುಯೆವೊ. ಕ್ಲಬ್ಬಿನ ಹೆಸರು ಜ್ನಾಮ್ಯಾ ತ್ರುದಾ, ಅಂದರೆ ಶ್ರಮದ ಬಾವುಟ. ಅದು ಊರು ಬಿಟ್ಟು ಎಲ್ಲಿಗೂ ಹೋಗಲಿಲ್ಲ ಎಂಬುದನ್ನು ತೋರಿಸುವುದು ಈ ಟಿಪ್ಪಣಿಯ ಉದ್ದೇಶ.

ಮೊದಲು ಊರಿನ ವಿಚಾರ. ಮಾಸ್ಕೋದಿಂದ ಪೂರ್ವಕ್ಕೆ ಸುಮಾರು 90 ಕಿಲೋಮೀಟರ್ ದೂರದಲ್ಲಿ ಕ್ಲ್ಯಾಜ್ಮಾ ನದಿ ಹರಿಯುತ್ತದೆ. ಅದರ ಒಂದು ದಡದ ಜುಯೆವೊ ಮಾಸ್ಕೋ ಪ್ರಾಂತಕ್ಕೆ ಸೇರಿತ್ತು. ಎದುರು ದಡದ ಒರೆಖೊವೊ ಮತ್ತು ನಿಕೋಲ್ಸ್ಕೊಯೆ ವ್ಲಾದಿಮಿರ್ ಪ್ರಾಂತಕ್ಕೆ ಸೇರಿದ್ದವು. ಇವೆಲ್ಲ ಒಂದೇ ಪಟ್ಟಣವಾದದ್ದು 1917ರಲ್ಲಿ. ಅದಕ್ಕೂ ಬಹಳ ಹಿಂದೆಯೇ ಇವನ್ನು ಒಟ್ಟಿಗೆ ಕಟ್ಟಿಹಾಕಿದ್ದು ಮೊರೊಜೊವ್ ಮನೆತನ. ಜೀತದಾಳಾಗಿ ಹುಟ್ಟಿದ ಸವ್ವಾ ವಸೀಲಿಯೆವಿಚ್ ಮೊರೊಜೊವ್ ರೇಷ್ಮೆ ಪಟ್ಟಿ ನೇಯುತ್ತ ಹಣ ಕೂಡಿಸಿ, 1820ರ ಹೊತ್ತಿಗೆ ತನ್ನ ಬಿಡುಗಡೆಯನ್ನು ತಾನೇ ಕೊಂಡುಕೊಂಡವನು. ಅವನ ಮಕ್ಕಳ ಕಾಲಕ್ಕೆ ಅಲ್ಲಿ ಎರಡು ದೊಡ್ಡ ಹತ್ತಿ ಗಿರಣಿ ಸಂಸ್ಥೆಗಳು ತಲೆಯೆತ್ತಿದವು. ಒಂದು ಸವ್ವಾ ಹೆಸರಿನದು, ಇನ್ನೊಂದು ವಿಕುಲಾ ಹೆಸರಿನದು.

ಇಂಗ್ಲಿಷರು ಇಲ್ಲಿಗೆ ಬಂದದ್ದು ಯಂತ್ರಗಳ ಹಿಂದೆ. ಬ್ರೆಮೆನ್‌ನಲ್ಲಿ ಹುಟ್ಟಿ ಮ್ಯಾಂಚೆಸ್ಟರಿನ ವ್ಯಾಪಾರ ಸಂಸ್ಥೆಯೊಂದರ ಪರವಾಗಿ ರಷ್ಯಕ್ಕೆ ಬಂದ ಲುಡ್ವಿಗ್ ಕ್ನೋಪ್ 1840ರ ದಶಕದಿಂದ ಲ್ಯಾಂಕಾಶೈರಿನ ನೂಲುವ ಯಂತ್ರಗಳನ್ನು ರಷ್ಯದ ಗಿರಣಿಗಳಿಗೆ ಒದಗಿಸತೊಡಗಿದ. ಮೊರೊಜೊವರು ಅವನ ಮೊದಮೊದಲ ಗಿರಾಕಿಗಳು. ಯಂತ್ರದ ಜೊತೆಗೆ ಅದನ್ನು ಜೋಡಿಸುವವರು, ನಡೆಸುವವರು, ಮೇಲ್ವಿಚಾರಕರು ಎಲ್ಲರೂ ಬಂದರು. ಚರ್ಚು ಇದ್ದಲ್ಲಿ ಪಾದ್ರಿ, ಗಿರಣಿ ಇದ್ದಲ್ಲಿ ಕ್ನೋಪ್ ಎಂಬ ನಾಣ್ಣುಡಿಯೇ ರಷ್ಯನ್ನರ ಬಾಯಲ್ಲಿ ಹುಟ್ಟಿತು. ಚಾರ್ನಾಕ್ ಮನೆತನದವರು ಬಂದದ್ದೂ ಇದೇ ದಾರಿಯಲ್ಲಿ.

ಇದೇ ಊರು ರಷ್ಯದ ಕಾರ್ಮಿಕ ಚರಿತ್ರೆಯಲ್ಲಿ ಇನ್ನೊಂದು ಕಾರಣಕ್ಕೆ ಪ್ರಸಿದ್ಧ. ತಿಮೊಫೆಯ್ ಮೊರೊಜೊವ್ 1882ರಿಂದ 1884ರೊಳಗೆ ಐದು ಬಾರಿ ಕೂಲಿ ಇಳಿಸಿದ. ಅದರ ಮೇಲೆ ದಂಡದ ಹೊರೆ. ದಂಡವೇ ಕೂಲಿಯ ಕಾಲುಭಾಗದವರೆಗೂ ನುಂಗುತ್ತಿತ್ತು. 1885ರ ಜನವರಿಯಲ್ಲಿ ಸುಮಾರು 8,000 ಮಂದಿ ಕೆಲಸ ನಿಲ್ಲಿಸಿದರು. ಮುಂದಾಳುಗಳಾದ ಪ್ಯೋತರ್ ಮೊಯಿಸೆಯೆಂಕೊ ಮತ್ತು ವಸೀಲಿ ವೋಲ್ಕೊವ್ ಮುಂತಾದವರ ವಿಚಾರಣೆ ವ್ಲಾದಿಮಿರ್‌ನಲ್ಲಿ ನಡೆದಾಗ, ನ್ಯಾಯದರ್ಶಿಗಳ ಮುಂದಿಟ್ಟ 101 ಪ್ರಶ್ನೆಗಳಿಗೂ ಬಂದ ಉತ್ತರ ಒಂದೇ: ತಪ್ಪಿತಸ್ಥರಲ್ಲ. 1886ರ ಜೂನ್ 3ರ ಕಾನೂನು ದಂಡದ ಹಣ ಮಾಲೀಕರ ಜೇಬಿಗೆ ಹೋಗುವುದನ್ನು ತಡೆಯಿತು. ಆಟದ ಚರಿತ್ರೆ ಬರೆಯುವವರು ಈ ಪ್ರಕರಣವನ್ನು ಒಂದು ವಾಕ್ಯದಲ್ಲಿ ಮುಗಿಸಿಬಿಡುತ್ತಾರೆ. ನನಗೆ ಅದು ಸರಿಕಾಣುವುದಿಲ್ಲ. ಚೆಂಡು ಬಂದು ಬಿದ್ದದ್ದು ಸಂಘಟಿತರಾಗಿ ನಿಲ್ಲಲು ಆಗಲೇ ಕಲಿತಿದ್ದ ಜನರ ನಡುವೆ.

ಕ್ಲೆಮೆಂಟ್ ಚಾರ್ನಾಕ್ 1880ರ ದಶಕದಲ್ಲೇ ಇಲ್ಲಿ ಫುಟ್‌ಬಾಲ್ ಆಡಿಸಲು ಯತ್ನಿಸಿದ್ದ. ಅದು ಬೇರೂರಿದ್ದು ಅವನ ಸೋದರ, ವಿಕುಲಾ ಮೊರೊಜೊವ್ ಸಂಸ್ಥೆಯ ಹ್ಯಾರಿ ಚಾರ್ನಾಕ್‌ನಿಂದ. 1909ರಲ್ಲಿ ಕ್ಲಬ್ಬು ಅಧಿಕೃತವಾಗಿ ಹುಟ್ಟಿತು: ಒರೆಖೊವೊ ಕ್ರೀಡಾ ಕ್ಲಬ್. ಜನ ಕರೆದದ್ದು ಮಾತ್ರ ‘ಮೊರೊಜೊವ್ತ್ಸಿ’, ಮೊರೊಜೊವರ ಕಡೆಯವರು ಎಂದು. ಮರುವರ್ಷ ರೋಮನ್ ಫುಲ್ದಾ ಹೆಸರಿನ ಕಪ್ಪಿಗಾಗಿ ಮಾಸ್ಕೋ ಲೀಗ್ ಆರಂಭವಾದಾಗ ಈ ಗಿರಣಿ ತಂಡವೂ ಅದರಲ್ಲಿ ಸೇರಿತು. 1910, 1911, 1912, 1913. ನಾಲ್ಕೂ ವರ್ಷ ಕಪ್ಪು ಒರೆಖೊವೊಗೆ ಹೋಯಿತು. ಮಾಸ್ಕೋದ ಸಿರಿವಂತ ಕ್ಲಬ್ಬುಗಳು ತಮ್ಮದೇ ಲೀಗನ್ನು ಪಕ್ಕದ ಪ್ರಾಂತದವರಿಗೆ ಸತತವಾಗಿ ಒಪ್ಪಿಸಬೇಕಾಯಿತು. ಆರಂಭದ ತಂಡದಲ್ಲಿ ಇಂಗ್ಲಿಷ್ ಎಂಜಿನಿಯರುಗಳು, ಗುಮಾಸ್ತರು ಪ್ರಮುಖರಾಗಿದ್ದರು ಎಂಬುದು ನಿಜ. ಅವರ ಪಕ್ಕದಲ್ಲೇ ರಷ್ಯನ್ ಆಟಗಾರರೂ ಬೆಳೆದರು ಎಂಬುದೂ ಅಷ್ಟೇ ನಿಜ.

ಈ ಕಾಲದ ಬಗ್ಗೆ ಎಲ್ಲರೂ ಉದ್ಧರಿಸುವ ಸಾಕ್ಷಿ ರಾಬರ್ಟ್ ಬ್ರೂಸ್ ಲಾಕ್‌ಹಾರ್ಟ್. 1912ರಲ್ಲಿ ಬ್ರಿಟಿಷ್ ಉಪ ಕಾನ್ಸಲ್ ಆಗಿ ಮಾಸ್ಕೋಗೆ ಬಂದ ಈತ, ತಾನೂ ಮೊರೊಜೊವ್ ತಂಡಕ್ಕೆ ಆಡಿ ಲೀಗ್ ಗೆದ್ದ ಪದಕ ಪಡೆದೆ ಎಂದು 1932ರ ತನ್ನ ಆತ್ಮಕಥನದಲ್ಲಿ ಹೇಳುತ್ತಾನೆ. ಕಾರ್ಮಿಕರನ್ನು ವೋಡ್ಕಾದಿಂದಲೂ ರಾಜಕೀಯ ಚಳವಳಿಯಿಂದಲೂ ದೂರವಿಡಲು ಹ್ಯಾರಿ ಚಾರ್ನಾಕ್ ಫುಟ್‌ಬಾಲನ್ನು ತಂದ ಎಂಬ ವಿವರಣೆಗೂ ಮುಖ್ಯ ಆಧಾರ ಅವನೇ. ಇಲ್ಲಿ ಎಚ್ಚರ ಬೇಕು. ಇದು ಇಪ್ಪತ್ತು ವರ್ಷಗಳ ನಂತರ, 1918ರಲ್ಲಿ ಬೋಲ್ಶೆವಿಕರಿಂದ ಬಂಧಿತನಾಗಿ ಹೊರದೂಡಲ್ಪಟ್ಟ ರಾಜತಂತ್ರಜ್ಞನೊಬ್ಬ ಬರೆದ ನೆನಪು. ಇಂಥ ಔಷಧಿ ಎಲ್ಲ ಗಿರಣಿಗಳಿಗೂ ಸಿಕ್ಕಿದ್ದರೆ ಎಂಬ ಹಂಬಲ ಅದರಲ್ಲಿ ಬೆರೆತಿದೆ. ಮಾಲೀಕರ ಉದ್ದೇಶವೇನಿತ್ತು ಎಂಬುದಕ್ಕೆ ಅವನ ಮಾತನ್ನು ಸಾಕ್ಷಿಯಾಗಿ ಸ್ವೀಕರಿಸಬಹುದು. ಪರಿಣಾಮಕ್ಕೆ ಸಾಕ್ಷಿಯಾಗಿ ಸ್ವೀಕರಿಸಲಾಗದು. ಏಕೆಂದರೆ ನಾಲ್ಕು ಬಾರಿ ಲೀಗ್ ಗೆದ್ದ ಇದೇ ಊರು 1917ರಲ್ಲಿ ಬೋಲ್ಶೆವಿಕರ ಭದ್ರ ನೆಲೆಗಳಲ್ಲೊಂದಾಗಿತ್ತು. ಭಾನುವಾರ ಚೆಂಡಿನ ಹಿಂದೆ ಓಡಿದವರು ಸೋಮವಾರ ಸಭೆಗೆ ಹೋಗಲು ಯಾವ ಅಡ್ಡಿಯೂ ಇರಲಿಲ್ಲ.

ಅಷ್ಟೇ ಅಲ್ಲ, ಆಟ ಬೇಗನೆ ಯಜಮಾನರ ಕೈಮೀರಿತ್ತು. ಯಾವ ಸಂಘದಲ್ಲೂ ನೋಂದಾಯಿಸದ ಹುಡುಗರ ತಂಡಗಳನ್ನು ರಷ್ಯದಲ್ಲಿ ‘ಕಾಡು ತಂಡ’ಗಳೆಂದು ಕರೆಯುತ್ತಿದ್ದರು, ಮಾಸ್ಕೋ ಸುತ್ತಲಿನ ಕೈಗಾರಿಕಾ ಊರುಗಳಲ್ಲಿ ಅವು ದಂಡಿಯಾಗಿದ್ದವು. ಒರೆಖೊವೊ, ಜುಯೆವೊ ಮತ್ತು ಪಕ್ಕದ ಬೊಗೊರೊದ್ಸ್ಕ್ ತಂಡಗಳು ಸೇರಿ ತಮ್ಮದೇ ಲೀಗ್ ಕಟ್ಟಿಕೊಂಡವು. ಕ್ರಾಂತಿಯಾಗಿ ಚಾರ್ನಾಕರು ಹೊರಟುಹೋದ ಮೇಲೂ ಫುಟ್‌ಬಾಲ್ ಉಳಿದದ್ದಕ್ಕೆ ಕಾರಣವನ್ನು ನಾನು ಇಲ್ಲಿ ಕಾಣುತ್ತೇನೆ.

ಇನ್ನು ಡೈನಮೋ ಪ್ರಶ್ನೆ. ಡೈನಮೋ 1923ರ ಏಪ್ರಿಲ್ 18ರಂದು ಮಾಸ್ಕೋದಲ್ಲಿ, ರಾಜ್ಯದ ಭದ್ರತಾ ಇಲಾಖೆಯ ಆಶ್ರಯದಲ್ಲಿ ಸ್ಥಾಪನೆಯಾದ ಕ್ರೀಡಾ ಸಂಘ. ಫುಟ್‌ಬಾಲ್ ಅದರ ಒಂದು ಶಾಖೆ ಮಾತ್ರ. ಒರೆಖೊವೊ ತಂಡ ನೇಕಾರರದು. ಅದರ ಬೇರು ಗಿರಣಿಯಲ್ಲಿತ್ತು, ಗಿರಣಿ ರಾಷ್ಟ್ರೀಕರಣವಾದ ಮೇಲೂ ಅಲ್ಲೇ ಉಳಿಯಿತು. ಯಾರೋ ಆಟಗಾರ ಅಲ್ಲಿಂದ ಇಲ್ಲಿಗೆ ಬಂದಿದ್ದರೂ ಕ್ಲಬ್ಬೇ ಬಂದಂತಾಗದು. ಅಂಗಿಯ ಬಣ್ಣದ ಹೋಲಿಕೆಯಿಂದ ವಂಶ ಸಿದ್ಧವಾಗುವುದೂ ಇಲ್ಲ. ನೀಲಿ-ಬಿಳಿ ತೊಟ್ಟ ತಂಡಗಳಿಗೆ ಯುರೋಪಿನಲ್ಲಿ ಬರವಿರಲಿಲ್ಲ. ಹಾಗಿದ್ದೂ ಕತೆ ಏಕೆ ಹಬ್ಬಿತು? ನನ್ನ ಊಹೆ ಹೀಗಿದೆ. 1945ರ ನವೆಂಬರಿನಲ್ಲಿ ಡೈನಮೋ ಬ್ರಿಟನ್‌ಗೆ ಹೋಗಿ ಚೆಲ್ಸೀ ಜೊತೆ 3–3 ಸಮ ಮಾಡಿಕೊಂಡು, ಕಾರ್ಡಿಫನ್ನು 10–1ರಿಂದ, ಆರ್ಸೆನಲನ್ನು 4–3ರಿಂದ ಸೋಲಿಸಿ, ರೇಂಜರ್ಸ್ ಜೊತೆ 2–2 ಆಡಿತು. ಬ್ರಿಟಿಷ್ ಓದುಗರಿಗೆ ಪರಿಚಿತವಾದ ರಷ್ಯನ್ ಹೆಸರು ಅದೊಂದೇ. ಆ ಬೆರಗಿಗೆ ಲ್ಯಾಂಕಾಶೈರಿನ ತಂದೆಯೊಬ್ಬ ಸಿಕ್ಕರೆ ಹಿತವಾಗಿರುತ್ತದೆ.

ಒರೆಖೊವೊ-ಜುಯೆವೊದಲ್ಲಿ ಆ ಹೊತ್ತಿಗೆ ಕ್ಲಬ್ಬಿನ ಹೆಸರು ಕೆಲವು ಬಾರಿ ಬದಲಾಗಿತ್ತು. ‘ಕೆಂಪು ಬಾವುಟ’ ಎಂಬ ಅರ್ಥದ ಕ್ರಾಸ್ನೊಯೆ ಜ್ನಾಮ್ಯಾ ಎಂಬ ಹೆಸರು ಹೆಚ್ಚು ಕಾಲ ನಡೆಯಿತು. ಆಮೇಲೆ ಜ್ನಾಮ್ಯಾ ತ್ರುದಾ ಬಂತು. ಸೋವಿಯತ್ ಉನ್ನತ ದರ್ಜೆಯಲ್ಲಿ ಈ ತಂಡ ಒಮ್ಮೆಯೂ ಆಡಲಿಲ್ಲ. ಆದರೂ 1962ರಲ್ಲಿ, ಎರಡನೆಯ ಮಟ್ಟದ ಬಿ ವರ್ಗದಲ್ಲಿದ್ದಾಗ, ಸೋವಿಯತ್ ಕಪ್ಪಿನ ಅಂತಿಮ ಪಂದ್ಯಕ್ಕೆ ಏರಿತು. ಎದುರಾಳಿ, ಹಿಂದಿನ ವರ್ಷವೂ ಕಪ್ ಗೆದ್ದಿದ್ದ ಒಲೆಗ್ ಒಶೆಂಕೊವ್ ತರಬೇತಿಯ ಶಾಖ್ತಾರ್ ದೊನೆತ್ಸ್ಕ್. ಒಂದು ಕಡೆ ಕಲ್ಲಿದ್ದಲ ಗಣಿಯವರು, ಇನ್ನೊಂದು ಕಡೆ ನೇಕಾರರು. ಮಾಸ್ಕೋದ ಕಪ್ ಫೈನಲ್‌ನಲ್ಲಿ ಮಾಸ್ಕೋದ ತಂಡವೇ ಇರಲಿಲ್ಲ. ಶಾಖ್ತಾರ್ 2–0ರಿಂದ ಗೆದ್ದಿತು. ಸೋವಿಯತ್ ತಂಡಗಳು ಯುರೋಪಿನ ಕಪ್ ವಿಜೇತರ ಟೂರ್ನಿಗೆ ಹೋಗತೊಡಗಿದ್ದು 1965ರಿಂದ. ಹಾಗಾಗಿ ಅಂದು ಗೆದ್ದಿದ್ದರೂ ಒರೆಖೊವೊದವರಿಗೆ ಹೊರದೇಶದ ಬಾಗಿಲು ತೆರೆಯುತ್ತಿರಲಿಲ್ಲ.

1962ರ ಆ ತಂಡದ ಹಿಂದಿನ ಕೊಂಡಿಗಳನ್ನು ಹಿಡಿದು ನಡೆದರೆ 1909ರ ಗಿರಣಿ ಕ್ಲಬ್ಬಿಗೆ ತಲುಪುತ್ತೇವೆ. ದಾರಿಯಲ್ಲಿ ಡೈನಮೋ ಎಲ್ಲೂ ಸಿಗುವುದಿಲ್ಲ. ಫುಲ್ದಾ ಕಪ್ಪಿನ ನಾಲ್ಕು ಗೆಲುವುಗಳನ್ನು ಡೈನಮೋದ ಪೂರ್ವಕಥೆಯಲ್ಲಿ ನಮೂದಿಸುವ ಕೋಶಗಳು ಅವನ್ನು ಜ್ನಾಮ್ಯಾ ತ್ರುದಾದ ಲೆಕ್ಕಕ್ಕೆ ಮರಳಿಸಬೇಕು.