ರುಜುವಾತಿನ ಹೊಣೆ ಯಾರದು? ಅಣಕು ನ್ಯಾಯಾಲಯದಲ್ಲಿ ಬಿಟಿ ಬದನೆ

ತತ್ತ್ವಜ್ಞ ಸ್ಟೀಫನ್ ಟೂಲ್ಮಿನ್ 1958ರಲ್ಲಿ ವಾದದ ಸ್ವರೂಪವನ್ನು ವಿವೇಚಿಸಿದಾಗ ಮಾದರಿಯಾಗಿ ಹಿಡಿದದ್ದು ಗಣಿತವನ್ನಲ್ಲ, ನ್ಯಾಯಾಲಯವನ್ನು. ಹೇಳಿಕೆ, ಅದರ ಆಧಾರ, ಆಧಾರದಿಂದ ಹೇಳಿಕೆಗೆ ದಾಟಿಸುವ ನಿಯಮ, ಹೇಳಿಕೆಯ ಖಚಿತತೆಗೆ ಹಾಕುವ ಮಿತಿ, ಆಕ್ಷೇಪಕ್ಕೆ ಬಿಡುವ ಅವಕಾಶ ಎಂದು ಅವರು ವಾದದ ಅಂಗಗಳನ್ನು ಬಿಡಿಸಿಟ್ಟರು. ವಿದ್ಯಾರ್ಥಿಗಳ ವಾದವನ್ನು ಅಳೆಯಲು ವಿಜ್ಞಾನ ಶಿಕ್ಷಣದ ಸಂಶೋಧಕರು ಮುಂದೆ ಇದೇ ಚೌಕಟ್ಟನ್ನು ಹೆಚ್ಚಾಗಿ ಬಳಸಿದರು. ಹಾಗಾಗಿ ಅಣಕು ನ್ಯಾಯಾಲಯಕ್ಕೂ ವಿಜ್ಞಾನದ ತರಗತಿಗೂ ಹಳೆಯ ನಂಟಿದೆ. ಆದರೆ ಈ ಕಲಾಪದಿಂದ ವಿಜ್ಞಾನದ ತಿಳಿವಳಿಕೆ ಬೆಳೆಯಬೇಕಾದರೆ ರುಜುವಾತಿನ ಹೊಣೆ ಯಾರ ಮೇಲಿದೆ ಎಂಬುದನ್ನು ವಿದ್ಯಾರ್ಥಿಗಳು ಮೊದಲು ವಾದಿಸಿ ತೀರ್ಮಾನಿಸಿಕೊಳ್ಳಬೇಕು ಎಂಬುದು ಈ ಲೇಖನದ ನಿಲುವು. ಬಿಟಿ ಬದನೆಯ ಪ್ರಕರಣವನ್ನು ಇಟ್ಟುಕೊಂಡು ಇದನ್ನು ಪರಿಶೀಲಿಸಬಹುದು.

ಬದನೆಯ ಕುಡಿ ಮತ್ತು ಕಾಯಿ ಕೊರಕ ಹುಳುವನ್ನು ತಡೆಯಲು ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾದ ವಂಶವಾಹಿಯನ್ನು ಗಿಡಕ್ಕೆ ಸೇರಿಸಲಾಯಿತು. 2009ರ ಅಕ್ಟೋಬರ್ 14ರಂದು ಕೇಂದ್ರದ ಅನುಮೋದನಾ ಸಮಿತಿ ಇದಕ್ಕೆ ಒಪ್ಪಿಗೆ ಕೊಟ್ಟಿತು. ಅಂದಿನ ಪರಿಸರ ಸಚಿವ ಜೈರಾಮ್ ರಮೇಶ್ ಏಳು ನಗರಗಳಲ್ಲಿ ಸಾರ್ವಜನಿಕ ಸಮಾಲೋಚನೆ ನಡೆಸಿದರು. ಕೊನೆಯ ಸಭೆ 2010ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಸೇರಿತು. ಮೂರು ದಿನಗಳ ನಂತರ ಅವರು ತಡೆ ಹಾಕಿದರು. ವಿಜ್ಞಾನಿಗಳಲ್ಲಿ ಒಮ್ಮತವಿಲ್ಲ, ರಾಜ್ಯ ಸರ್ಕಾರಗಳು ವಿರೋಧಿಸಿವೆ, ಅವಸರ ಪಡುವಂಥ ಅಗತ್ಯವೂ ಇಲ್ಲ ಎಂಬ ಕಾರಣಗಳು ಅವರ ಟಿಪ್ಪಣಿಯಲ್ಲಿವೆ.

ಈ ಮೂರು ಕಾರಣಗಳು ಒಂದೇ ಜಾತಿಯವಲ್ಲ. ಮೊದಲನೆಯದು ವಿಜ್ಞಾನಕ್ಕೆ ಸೇರಿದ್ದು, ಎರಡನೆಯದು ರಾಜಕಾರಣಕ್ಕೆ, ಮೂರನೆಯದು ವಿವೇಚನೆಗೆ. ಭಾಷಣ ಸ್ಪರ್ಧೆಯಲ್ಲಿ ಮೂರೂ ಕಲಸಿಹೋಗುತ್ತವೆ. ಅಣಕು ನ್ಯಾಯಾಲಯದ ಪಾಟೀಸವಾಲಿನಲ್ಲಿ ಹಾಗೆ ಕಲಸಲು ಬಿಡುವುದಿಲ್ಲ. ಬೀಜ ಕಂಪನಿಯ ಪರ ಪರಿಣತ ಸಾಕ್ಷಿಯಾಗಿ ನಿಂತ ವಿದ್ಯಾರ್ಥಿ, ಇಲಿಗಳಿಗೆ 90 ದಿನ ತಿನ್ನಿಸಿ ನೋಡಿದ ಪ್ರಯೋಗದಲ್ಲಿ ಅಪಾಯ ಕಾಣಲಿಲ್ಲ ಎನ್ನುತ್ತಾನೆ. ಎದುರು ಪಕ್ಷದ ವಕೀಲೆ ಆ 90 ದಿನದ ಲೆಕ್ಕ ಎಲ್ಲಿಂದ ಬಂತು, ಪ್ರಯೋಗ ಮಾಡಿಸಿದವರು ಯಾರು, ದತ್ತಾಂಶವನ್ನು ಹೊರಗಿನವರು ಪರಿಶೀಲಿಸಿದ್ದಾರೆಯೇ ಎಂದು ಕೇಳುತ್ತಾಳೆ. ಉತ್ತರಿಸಲು ಅವನು ವಿಷಪರೀಕ್ಷೆಯ ವಿಧಾನವನ್ನೇ ಓದಿಕೊಂಡು ಬಂದಿರಬೇಕು. ಮಟ್ಟುಗುಳ್ಳವೆಂಬ ಸ್ಥಳೀಯ ಬದನೆಯ ಬೆಳೆಗಾರ್ತಿಯಾಗಿ ಕಟಕಟೆಗೆ ಬಂದವಳು ತನ್ನ ತಳಿ ಕೆಡುತ್ತದೆ ಎಂದರೆ ಸಾಲದು. ಬದನೆಯಲ್ಲಿ ಪರಕೀಯ ಪರಾಗಸ್ಪರ್ಶ ಎಷ್ಟರಮಟ್ಟಿಗೆ ನಡೆಯುತ್ತದೆ ಎಂಬುದಕ್ಕೂ ಅವಳು ಉತ್ತರಿಸಬೇಕಾಗುತ್ತದೆ.

ಇಷ್ಟಾದರೂ ತೀರ್ಪು ನಿಲ್ಲುವುದು ರುಜುವಾತಿನ ಹೊಣೆಯ ಮೇಲೆ. ಅಪಾಯವಿದೆಯೆಂದು ವಿರೋಧಿಗಳು ತೋರಿಸಬೇಕೆಂದಾದರೆ ಬಹುಮಟ್ಟಿಗೆ ಕಂಪನಿ ಗೆಲ್ಲುತ್ತದೆ. ಅಪಾಯವಿಲ್ಲವೆಂದು ಕಂಪನಿ ತೋರಿಸಬೇಕೆಂದಾದರೆ ಅದೇ ಕಡತ, ಅದೇ ಸಾಕ್ಷಿಗಳಿಂದ ಅದು ಸೋಲಬಹುದು. ವೆಲ್ಲೂರು ನಾಗರಿಕರ ಪ್ರಕರಣದಲ್ಲಿ (1996) ಸುಪ್ರೀಂ ಕೋರ್ಟ್ ಮುನ್ನೆಚ್ಚರಿಕೆಯ ತತ್ವವನ್ನು ಎತ್ತಿಹಿಡಿದು, ತನ್ನ ಕೆಲಸದಿಂದ ಪರಿಸರಕ್ಕೆ ಹಾನಿಯಿಲ್ಲವೆಂದು ತೋರಿಸುವ ಹೊಣೆಯನ್ನು ಉದ್ಯಮಿಯ ಮೇಲೆ ಹೊರಿಸಿತು. 1999ರ ನಾಯ್ಡು ಪ್ರಕರಣದಲ್ಲಿ ವೈಜ್ಞಾನಿಕ ಅನಿಶ್ಚಯದ ಹಿನ್ನೆಲೆಯಲ್ಲಿ ಇದನ್ನೇ ಇನ್ನಷ್ಟು ವಿಸ್ತಾರವಾಗಿ ಚರ್ಚಿಸಿತು. ಪಿಯು ವಿದ್ಯಾರ್ಥಿಗಳು ಈ ಎರಡು ತೀರ್ಪುಗಳ ಸಾರಾಂಶ ಓದಿ, ಹೊಣೆಯ ಪ್ರಶ್ನೆಯನ್ನೇ ಮೊದಲ ದಿನದ ವಾದಕ್ಕೆ ಎತ್ತಿಕೊಂಡರೆ, ಪುರಾವೆ ಎಷ್ಟಿದ್ದರೆ ಸಾಕು ಎಂಬುದಕ್ಕೆ ಪ್ರಯೋಗಾಲಯವೊಂದೇ ಉತ್ತರ ಕೊಡಲಾರದು ಎಂದು ತಾವೇ ಕಂಡುಕೊಳ್ಳುತ್ತಾರೆ.

ಕರ್ನಾಟಕದಲ್ಲಿ ಇದಕ್ಕೆ ಹತ್ತಿರದ ಪೂರ್ವನಿದರ್ಶನವೊಂದಿದೆ. 2000ರಲ್ಲಿ ಆಕ್ಷನ್‌ಏಡ್ ಸಂಸ್ಥೆ ಚಿತ್ರದುರ್ಗದಲ್ಲಿ ಸಣ್ಣ ರೈತರ ತೀರ್ಪುಗಾರ ಮಂಡಳಿ ಕೂಡಿಸಿ, ಕುಲಾಂತರಿ ಬೀಜದ ಪರ ಮತ್ತು ವಿರೋಧದ ಸಾಕ್ಷಿಗಳನ್ನು ಅದರ ಮುಂದೆ ನಿಲ್ಲಿಸಿತು. ಬಿತ್ತುವುದಿಲ್ಲವೆಂದು ಹೆಚ್ಚಿನವರು ಹೇಳಿದರು. ಆದರೆ ಅಷ್ಟಕ್ಕೇ ನಿಲ್ಲಿಸದೆ, ರೈತರನ್ನು ಒಳಗೊಂಡ ದೀರ್ಘಾವಧಿಯ ಪರೀಕ್ಷೆ ನಡೆಯಬೇಕೆಂದೂ ಕೇಳಿದರು. ಟೂಲ್ಮಿನ್ ಹೇಳುವ ಮಿತಿಯೆಂಬ ಅಂಗ ಇದೇ. ಗೆಲುವಿನ ಹಟಕ್ಕೆ ಬಿದ್ದ ಅಣಕು ಕಲಾಪಗಳಲ್ಲಿ ಎಲ್ಲಕ್ಕಿಂತ ಮೊದಲು ಕಳೆದುಹೋಗುವುದೂ ಇದೇ. ಆದ್ದರಿಂದ ಅಂಕಗಳು ಗೆದ್ದ ಪಕ್ಷಕ್ಕೆ ಹೋಗಬಾರದು. ಕಲಾಪ ಮುಗಿದ ಮೇಲೆ ಪ್ರತಿ ವಿದ್ಯಾರ್ಥಿಯೂ ನ್ಯಾಯಾಧೀಶರ ಸ್ಥಾನದಲ್ಲಿ ಕುಳಿತು ತೀರ್ಪು ಬರೆಯಲಿ. ಯಾವ ಹೊಸ ಪುರಾವೆ ಬಂದರೆ ತನ್ನ ಮನಸ್ಸು ಬದಲಾಗುತ್ತದೆ ಎಂಬುದನ್ನೂ ಅದರಲ್ಲಿ ಕಾಣಿಸಲಿ.

ಹೊಸ ಪುರಾವೆ ಬರುತ್ತಲೇ ಇರುತ್ತದೆ. ಬಾಂಗ್ಲಾದೇಶ 2013ರಲ್ಲಿ ಬಿಟಿ ಬದನೆಗೆ ಒಪ್ಪಿಗೆ ಕೊಟ್ಟಿತು. ಅಲ್ಲಿ ಕೀಟನಾಶಕದ ಬಳಕೆ ಇಳಿದದ್ದನ್ನು ಕ್ಷೇತ್ರ ಅಧ್ಯಯನಗಳು ವರದಿ ಮಾಡಿವೆ. ಇದನ್ನು ಮೇಲ್ಮನವಿಯ ಕಲಾಪವಾಗಿ ಎರಡನೇ ವಾರಕ್ಕೆ ಇಡುವುದು ಒಳ್ಳೆಯದು. ನ್ಯಾಯಾಲಯದಲ್ಲಿ ಕಡತ ಮುಚ್ಚುತ್ತದೆ, ವಿಜ್ಞಾನದಲ್ಲಿ ಮುಚ್ಚುವುದಿಲ್ಲ ಎಂಬ ವ್ಯತ್ಯಾಸ ಅಲ್ಲಿ ಅನುಭವಕ್ಕೆ ಬರುತ್ತದೆ.

ಎಲ್ಲ ವಿಷಯಕ್ಕೂ ಈ ವಿಧಾನ ಒಗ್ಗದು. ಜೀವವಿಕಾಸ ನಡೆದಿದೆಯೇ, ಲಸಿಕೆಯಿಂದ ಆಟಿಸಂ ಬರುತ್ತದೆಯೇ ಎಂಬ ಪ್ರಶ್ನೆಗಳನ್ನು ಎರಡು ಸಮಬಲದ ಪಕ್ಷಗಳಿಗೆ ಹಂಚಿಕೊಟ್ಟರೆ, ಇಲ್ಲದ ವಿವಾದವನ್ನು ತರಗತಿಯೇ ಹುಟ್ಟುಹಾಕಿದಂತಾಗುತ್ತದೆ. ಇದು ಶಿಕ್ಷಕರ ಕಡೆಯಿಂದ ಆಗಬಾರದ ತಪ್ಪು.

ಈ ವಿಧಾನಕ್ಕೆ ಒಗ್ಗುವ ವಿಷಯ ಇನ್ನೊಂದಿದೆ. ಕುಲಾಂತರಿ ಸಾಸಿವೆಯ ಪ್ರಕರಣದಲ್ಲಿ 2024ರ ಜುಲೈ 23ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಆ ಸಾಸಿವೆಗೆ ಕೊಟ್ಟ ಅನುಮೋದನೆ ಊರ್ಜಿತವಲ್ಲವೆಂದು ಬಿ.ವಿ. ನಾಗರತ್ನ ಹೇಳಿದರೆ, ಸಂಜಯ್ ಕರೋಲ್ ಅದನ್ನು ಎತ್ತಿಹಿಡಿದರು. ರಾಷ್ಟ್ರೀಯ ನೀತಿಯೊಂದು ಬೇಕೆಂಬುದನ್ನು ಇಬ್ಬರೂ ಒಪ್ಪಿದರು. ಒಂದೇ ಕಡತದಿಂದ ಹೊರಟ ಈ ಎರಡು ತೀರ್ಪುಗಳಿಗಿಂತ ಉತ್ತಮ ಪಠ್ಯ ಅಣಕು ನ್ಯಾಯಾಲಯಕ್ಕೆ ಸಿಗಲಾರದು. ಇವನ್ನೂ 2010ರ ಸಚಿವರ ಟಿಪ್ಪಣಿಯನ್ನೂ ಸಂಗ್ರಹಿಸಿ, ಪಿಯು ವಿದ್ಯಾರ್ಥಿಗಳು ಓದಬಲ್ಲ ಕನ್ನಡದಲ್ಲಿ ಹೊರತರುವ ಕೆಲಸವನ್ನು ನಮ್ಮ ವಿಶ್ವವಿದ್ಯಾಲಯಗಳ ಪ್ರಸಾರಾಂಗಗಳು ಕೈಗೆತ್ತಿಕೊಳ್ಳಬೇಕು.