69ನೇ ಮೈಲಿನ ಗೇಜ್

ಕಾರಟಗಿ, ಸಿಂಧನೂರು, ಮಾನ್ವಿ ಕಡೆಯ ರೈತರಿಗೆ 69ನೇ ಮೈಲು, 104ನೇ ಮೈಲು ಎಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ನಾಡೆಲ್ಲ ಕಿಲೋಮೀಟರಿಗೆ ಬದಲಾದರೂ ತುಂಗಭದ್ರಾ ಎಡದಂಡೆ ಕಾಲುವೆಯ ಲೆಕ್ಕ ಮೈಲಿನಲ್ಲೇ ಉಳಿದಿದೆ. ಅಲ್ಲಿ ನೀರಿನ ಮಟ್ಟ ಅಳೆಯುವ ಗೇಜ್ ಎಷ್ಟು ಅಡಿ ತೋರಿಸುತ್ತದೆ ಎಂಬುದರ ಮೇಲೆ ಕೊನೆ ಭಾಗದ ಬೆಳೆ ನಿಂತಿದೆ. ಗೇಜ್ ಇಳಿದಾಗ ರೈತರು ರಸ್ತೆಗಿಳಿದದ್ದೂ ಉಂಟು.

1945ರ ಫೆಬ್ರುವರಿ 28ರಂದು ನದಿಯ ಎರಡೂ ದಂಡೆಗಳಲ್ಲಿ ಅಣೆಕಟ್ಟೆಗೆ ಅಡಿಗಲ್ಲು ಬಿತ್ತು. ಎಡಕ್ಕೆ ಹೈದರಾಬಾದ್ ಸಂಸ್ಥಾನ, ಬಲಕ್ಕೆ ಮದರಾಸು ಪ್ರಾಂತ. 1953ರಲ್ಲಿ ಕಾಲುವೆಗೆ ನೀರು ಹರಿಯಿತು. ಎಡದಂಡೆ ಕಾಲುವೆಯ ಉದ್ದ 227 ಕಿ.ಮೀ. ಅಣೆಕಟ್ಟೆಯ ಬಳಿಯ ಮುನಿರಾಬಾದಿನಲ್ಲಿ ಬಿಟ್ಟ ನೀರು ತುದಿ ಮುಟ್ಟಲು ದಿನಗಳೇ ಬೇಕು. ಸುದ್ದಿ ನೀರಿಗಿಂತ ಮುಂದೆ ಓಡದಿದ್ದರೆ ಹಂಚಿಕೆ ಕೆಟ್ಟಂತೆಯೇ. ಗ್ಯಾಂಗ್‌ಮನ್ ಗೇಜ್ ಓದಬೇಕು, ತೂಬಿನ ಗೇಟು ಏರಿಸಿ ಇಳಿಸಬೇಕು, ಅಂಕಿಯನ್ನು ಕಚೇರಿಗೆ ಮುಟ್ಟಿಸಬೇಕು. ಅಂಕಿಯ ಮೇಲೆ ಅನುಮಾನ ಬಂದರೆ ದಂಡೆಯ ಮೇಲೆ ಹೋಗಿ ಒಂದೊಂದೇ ಗೇಜ್ ಪರೀಕ್ಷಿಸುವುದೇ ದಾರಿ. ಒಂದರಲ್ಲಿ ನೀರು ಸರಿಯಿದ್ದು ಮುಂದಿನದರಲ್ಲಿ ಕಡಿಮೆಯಾದರೆ, ಸೋರಿಕೆಯೋ ಅನಧಿಕೃತ ಪಂಪೋ ಆ ಎರಡರ ನಡುವೆಯೇ ಇದೆ.

ನೆರೆಯ ಕೃಷ್ಣಾ ನದಿಯ ಕಾಲುವೆಯಲ್ಲಿ ಈ ಕೆಲಸ ಈಗ ಯಂತ್ರದ ಪಾಲಾಗಿದೆ. ನಾರಾಯಣಪುರ ಎಡದಂಡೆ ಕಾಲುವೆಯನ್ನು ದೂರದಿಂದಲೇ ಗಮನಿಸಿ ನಿಯಂತ್ರಿಸುವ ಸ್ಕಾಡಾ ವ್ಯವಸ್ಥೆ 2023ರ ಜನವರಿ 19ರಂದು ಯಾದಗಿರಿ ಜಿಲ್ಲೆಯ ಕೊಡೇಕಲ್‌ನಲ್ಲಿ ಉದ್ಘಾಟನೆಯಾಯಿತು. ಇಂಥ ವ್ಯವಸ್ಥೆಯಲ್ಲಿ ಗೇಟಿನ ಬಳಿಯ ಕಂಟ್ರೋಲರ್ ಅಂಕಿ ಕಳಿಸುತ್ತದೆ, ದೂರದ ಪರದೆ ಅದನ್ನು ತೋರಿಸುತ್ತದೆ.

ಇಂಥ ಯಂತ್ರಗಳ ಮಾತುಕತೆಗೆ ಇಂದಿಗೂ ಬಹುವಾಗಿ ಬಳಕೆಯಾಗುವ ಮಾಡ್‌ಬಸ್ ಎಂಬ ಸಂವಹನ ನಿಯಮ, ಅಮೆರಿಕದ ಮಾಡಿಕಾನ್ ಕಂಪನಿ 1979ರಲ್ಲಿ ಹೊರತಂದದ್ದು. ಒಬ್ಬ ಕೇಳಬೇಕು, ಸಂಖ್ಯೆ ಹಿಡಿದು ಕರೆದವನಷ್ಟೇ ಉತ್ತರಿಸಬೇಕು. ಒಂದೇ ತಂತಿಯ ಮೇಲೆ ಎರಡು ಕಂಟ್ರೋಲರ್‌ಗಳಿಗೆ ಒಂದೇ ಸಂಖ್ಯೆ ಕೊಟ್ಟರೆ ಎರಡೂ ಒಟ್ಟಿಗೆ ಉತ್ತರಿಸಿ ಮಾತು ಕೆಡುತ್ತದೆ. ಅಂಕಿಗಳನ್ನು ಇಡುವ ಖಾನೆಗಳ, ಅಂದರೆ ರಿಜಿಸ್ಟರ್‌ಗಳ, ಎಣಿಕೆಯನ್ನು ಒಂದು ಕಡೆ ಸೊನ್ನೆಯಿಂದಲೂ ಇನ್ನೊಂದು ಕಡೆ ಒಂದರಿಂದಲೂ ಶುರುಮಾಡಿದರೆ ನೀರಿನ ಮಟ್ಟದ ಜಾಗದಲ್ಲಿ ಪಕ್ಕದ ಅಂಕಿ ಬಂದು ಕೂರುತ್ತದೆ. ಇವು ಬೇಗ ಸಿಕ್ಕಿಬೀಳುವ ದೋಷಗಳು. ನಿಜಕ್ಕೂ ಅಪಾಯದ್ದು ಬೇರೆ: ಸಂಪರ್ಕ ಕಡಿದ ಮೇಲೂ ಕೊನೆಯ ಅಂಕಿ ಪರದೆಯ ಮೇಲೆ ಹಾಗೇ ನಿಂತುಬಿಡುವುದು. ಅದಕ್ಕೇ ಪ್ರತಿ ಅಂಕಿಯ ಪಕ್ಕ ಅದು ಬಂದ ಹೊತ್ತು ಕಾಣಬೇಕು. ದುರಸ್ತಿಯ ಕ್ರಮ ಮಾತ್ರ ದಂಡೆಯದ್ದೇ. ಸೋಲಾರ್ ಬ್ಯಾಟರಿ, ಕಂಟ್ರೋಲರ್, ರೇಡಿಯೋ, ಆಂಟೆನಾ, ಕಚೇರಿಯ ಕಂಪ್ಯೂಟರ್ ಎಂದು ಒಂದೊಂದೇ ದಾಟುತ್ತಾ, ಮಾತು ಎಲ್ಲಿಯವರೆಗೆ ಬಂದಿದೆ ಎಂದು ನೋಡುವುದು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದರ ಚೈನ್ ತುಂಡಾಗಿ ಗೇಟು ಕೊಚ್ಚಿಹೋಯಿತು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆ ಹಲಗೆ ಇಳಿಸಿ ತಡೆಯಬೇಕಾಯಿತು. ಯಾಂತ್ರೀಕರಣದವರು ನೆನಪಿಡಬೇಕಾದ ಘಟನೆ ಇದು. ಗೇಟು ಎಷ್ಟು ಎತ್ತರದಲ್ಲಿದೆ ಎಂದು ಅಳೆಯುವ ಸೆನ್ಸರ್ ಚೈನ್ ಸುತ್ತುವ ಯಂತ್ರದ ಮೇಲಿದ್ದರೆ, ಚೈನ್ ಕಡಿದರೂ ಯಂತ್ರ ಅಲುಗುವುದಿಲ್ಲ. ನೆಟ್‌ವರ್ಕ್ ಸರಿಯಿರುತ್ತದೆ, ಅಂಕಿ ತಪ್ಪದೆ ಬರುತ್ತದೆ, ಪರದೆ ‘ಮುಚ್ಚಿದೆ’ ಎನ್ನುತ್ತದೆ, ಗೇಟು ಮಾತ್ರ ಇರುವುದಿಲ್ಲ.

133 ಟಿಎಂಸಿಯಷ್ಟಿದ್ದ ಇದೇ ತುಂಗಭದ್ರಾ ಜಲಾಶಯದ ಸಾಮರ್ಥ್ಯ ಹೂಳಿನಿಂದ 105 ಟಿಎಂಸಿಯ ಆಸುಪಾಸಿಗೆ ಇಳಿದಿರುವುದರಿಂದಲೇ ನವಲಿಯಲ್ಲಿ ಸಮತೋಲನ ಜಲಾಶಯದ ಪ್ರಸ್ತಾವ ಬಂದದ್ದು. ಅದು ನಿರ್ಮಾಣವಾಗುವ ದಿನ ಸೆನ್ಸರ್ ಗೇಟಿನ ಹಲಗೆಯ ಮೇಲೇ ಕೂರಲಿ. ಗ್ಯಾಂಗ್‌ಮನ್ ಕಣ್ಣಾರೆ ಓದಿದ ಗೇಜ್ ಕೂಡ ಅದೇ ಪರದೆಯಲ್ಲಿ, ಸೆನ್ಸರ್ ಅಂಕಿಯ ಪಕ್ಕದಲ್ಲೇ ದಾಖಲಾಗಲಿ.